ಒತ್ತಡದ ಒಳಗುಟ್ಟನ್ನರಿತ ಹ್ಯಾನ್ಸ್ ಸೆಲ್ಯೆ

ಹಗಲೆಲ್ಲ ದುಡಿದು ದಣಿದವನಿಗೆ ರಾತ್ರಿ ನಿದ್ರೆ ತಾನಾಗಿ ಬರುತ್ತದೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಎಲ್ಲ ದಣಿವೂ ನಿದ್ರೆಯನ್ನು ತರುವುದಿಲ್ಲ. ಹೊಲದಲ್ಲಿ ದಿನವಿಡೀ ಮೈಮುರಿದು ದುಡಿದ ರೈತನು ತಲೆಯಿಟ್ಟ ಗಳಿಗೆಯಲ್ಲಿಯೇ ನಿದ್ರೆಗೆ ಜಾರುತ್ತಾನೆ. ನಾಳಿನ ಪರೀಕ್ಷೆಯನ್ನು ನೆನೆದು ಅಂಜುವ ವಿದ್ಯಾರ್ಥಿಯೂ ಸಾಲದ ಚಿಂತೆಯಲ್ಲಿರುವ ಗೃಹಸ್ಥನೂ ಅಷ್ಟೇ ದಣಿದಿದ್ದರೂ ಬೆಳಗಿನ ಜಾವದವರೆಗೆ ಹಾಸಿಗೆಯಲ್ಲಿ ಹೊರಳಾಡುತ್ತಾರೆ. ದಣಿವು ಒಂದೇ ಆಗಿರುವಾಗ ಫಲದಲ್ಲಿ ಈ ಭೇದವೇಕೆ? ಈ ಪ್ರಶ್ನೆಗೆ ಉತ್ತರವನ್ನು ಮನಸ್ಸಿನಲ್ಲಿ ಮಾತ್ರವಲ್ಲದೆ ದೇಹದ ಗ್ರಂಥಿಗಳಲ್ಲಿಯೂ ಹುಡುಕಬೇಕೆಂದು ಜಗತ್ತಿಗೆ ದಾರಿ ತೋರಿದವರು ಹ್ಯಾನ್ಸ್ ಸೆಲ್ಯೆ. ಇಂದು ಹಳ್ಳಿಹಳ್ಳಿಗಳಲ್ಲಿಯೂ ಕೇಳಿಬರುವ ಒತ್ತಡವೆಂಬ ಮಾತು ವೈದ್ಯಶಾಸ್ತ್ರದ ಪರಿಭಾಷೆಯಾಗಿ ನೆಲೆಗೊಂಡದ್ದು ಮುಖ್ಯವಾಗಿ ಇವರ ಪರಿಶ್ರಮದಿಂದ. ಆ ಮಹನೀಯರ ಜೀವನವನ್ನೂ, ಅವರು ತೆರೆದ ದಾರಿಯಲ್ಲಿ ನಡೆದು ಮುಂದಿನವರು ನಿದ್ರೆಯ ವಿಷಯದಲ್ಲಿ ಕಂಡುಕೊಂಡ ಸತ್ಯವನ್ನೂ ಇಲ್ಲಿ ಸಂಗ್ರಹವಾಗಿ ನಿವೇದಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸೆಲ್ಯೆಯವರು 1907ನೆಯ ಇಸವಿ ಜನವರಿ 26ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ರಾಜಧಾನಿ. ತಂದೆ ಹ್ಯೂಗೋ ಸೆಲ್ಯೆ ಹಂಗೇರಿಯವರು, ಸೈನ್ಯದಲ್ಲಿ ಶಸ್ತ್ರವೈದ್ಯರು. ತಾಯಿ ಆಸ್ಟ್ರಿಯಾ ಮೂಲದವರು. ಹಂಗೇರಿಯನ್ನರ ರೂಢಿಯಂತೆ ಮನೆತನದ ಹೆಸರನ್ನು ಮೊದಲಿಟ್ಟು ತಾಯ್ನಾಡಿನವರು ಇವರನ್ನು ಶೆಯೆ ಯಾನೋಶ್ ಎಂದು ಕರೆಯುತ್ತಾರೆ. ಬಾಲ್ಯ ಕಳೆದದ್ದು ಡ್ಯಾನ್ಯೂಬ್ ನದಿಯ ದಂಡೆಯ ಕೊಮಾರೋಮ್ ಎಂಬ ಕೋಟೆಯ ಊರಿನಲ್ಲಿ. ಅಲ್ಲಿ ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಬಾಲಕನ ವಿದ್ಯಾಭ್ಯಾಸ ನಡೆಯಿತು. ಮಠಮಾನ್ಯಗಳ ಆಶ್ರಯದಲ್ಲಿ ವಿದ್ಯೆ ಕಲಿಯುವ ಭಾಗ್ಯ ನಮ್ಮ ನಾಡಿನ ಮಕ್ಕಳಿಗೆ ಹೇಗೆ ಲಭಿಸಿದೆಯೋ ಹಾಗೆಯೇ ದೂರದ ಯುರೋಪಿನ ಈ ಬಾಲಕನಿಗೂ ಲಭಿಸಿತ್ತು.

ಅವರಿಗೆ ಏಳು ವರ್ಷ ತುಂಬಿದಾಗ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹನ್ನೊಂದು ವರ್ಷವಾದಾಗ ಸಾಮ್ರಾಜ್ಯವೇ ಕುಸಿದುಬಿದ್ದಿತು. 1920ರ ಟ್ರಿಯನೋನ್ ಒಪ್ಪಂದದಂತೆ ಕೊಮಾರೋಮ್ ಪಟ್ಟಣವು ನದಿಯ ಆಚೆ ಈಚೆ ಎರಡು ಹೋಳಾಯಿತು. ಉತ್ತರದ ದಂಡೆಯ ಭಾಗವು ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಾ ದೇಶಕ್ಕೆ ಸೇರಿತು. ಮನೆ ಬದಲಾಗದೆಯೇ ದೇಶ ಬದಲಾದ ಈ ವಿಚಿತ್ರ ಸ್ಥಿತಿಯಲ್ಲಿ ತರುಣ ಸೆಲ್ಯೆ ಬೆಳೆದರು. ಚಿಕ್ಕಂದಿನಿಂದಲೇ ಹಲವು ಭಾಷೆಗಳು ಅವರ ನಾಲಿಗೆಯ ಮೇಲೆ ಸುಲಲಿತವಾಗಿ ಆಡುತ್ತಿದ್ದವು.

1924ರಲ್ಲಿ ಅವರು ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ನಡುವೆ ಪ್ಯಾರಿಸ್ ಮತ್ತು ರೋಮ್ ನಗರಗಳಲ್ಲಿಯೂ ಅಧ್ಯಯನ ಮಾಡಿದರು. ವಿದ್ಯಾರ್ಥಿದೆಸೆಯ ಆರಂಭದಲ್ಲಿ ನಡೆದ ಒಂದು ಸಣ್ಣ ಸಂಗತಿ ಅವರ ಮುಂದಿನ ಜೀವನದ ಬೀಜವಾಯಿತು. ಪ್ರಾಧ್ಯಾಪಕರೊಬ್ಬರು ಬೇರೆ ಬೇರೆ ಸೋಂಕುರೋಗಗಳಿಂದ ನರಳುತ್ತಿದ್ದ ಹಲವು ರೋಗಿಗಳನ್ನು ತರಗತಿಗೆ ಕರೆಸಿ, ಪ್ರತಿಯೊಂದು ರೋಗಕ್ಕೂ ವಿಶಿಷ್ಟವಾದ ಲಕ್ಷಣಗಳನ್ನು ಎತ್ತಿ ತೋರಿಸಿದರು. ಉಳಿದ ವಿದ್ಯಾರ್ಥಿಗಳು ಆ ಭೇದಗಳನ್ನು ಬರೆದುಕೊಳ್ಳುತ್ತಿದ್ದರೆ, ಸೆಲ್ಯೆಯವರ ಕಣ್ಣಿಗೆ ಬಿದ್ದದ್ದು ಆ ರೋಗಿಗಳೆಲ್ಲರ ಸಾಮ್ಯ. ಎಲ್ಲರ ಮುಖವೂ ಬಾಡಿತ್ತು. ಎಲ್ಲರಿಗೂ ಹಸಿವು ಕುಂದಿತ್ತು. ಎಲ್ಲರೂ ಮೈಕೈ ನೋವಿನಿಂದ ಬಳಲಿದ್ದರು. ರೋಗ ಯಾವುದೇ ಆಗಿರಲಿ, ರೋಗಿಯಾಗಿರುವ ಸ್ಥಿತಿಗೇ ಒಂದು ಸಾಮಾನ್ಯ ರೂಪವಿದೆಯಲ್ಲವೆ ಎಂಬ ಸಂದೇಹ ಅವರಲ್ಲಿ ಮೂಡಿತು. ಅಂದು ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. 1929ರಲ್ಲಿ ಅವರು ವೈದ್ಯಪದವಿಯನ್ನೂ, 1931ರಲ್ಲಿ ಸಾವಯವ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದರು.

ವಿಫಲ ಪ್ರಯೋಗದಿಂದ ಹುಟ್ಟಿದ ಸಿದ್ಧಾಂತ

ರಾಕ್‌ಫೆಲ್ಲರ್ ಪ್ರತಿಷ್ಠಾನದ ವಿದ್ಯಾರ್ಥಿವೇತನವನ್ನು ಪಡೆದು ಸೆಲ್ಯೆಯವರು 1931ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಮರುವರ್ಷ ಕೆನಡಾ ದೇಶದ ಮಾಂಟ್ರಿಯಲ್ ನಗರಕ್ಕೆ ಬಂದು, ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಕಾಲಿಪ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಟೊರಾಂಟೋದಲ್ಲಿ ಇನ್ಸುಲಿನ್ ಔಷಧವನ್ನು ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧಗೊಳಿಸಿದ ಕೀರ್ತಿ ಕಾಲಿಪ್ ಅವರದು. ನಿರ್ನಾಳ ಗ್ರಂಥಿಗಳಿಂದ ಹೊಸ ಹೊಸ ಹಾರ್ಮೋನುಗಳನ್ನು ಕಂಡುಹಿಡಿಯುತ್ತಿದ್ದ ಉತ್ಸಾಹದ ಕಾಲವದು.

ಸೆಲ್ಯೆಯವರು ದನಗಳ ಅಂಡಾಶಯ ಮತ್ತು ಮಾಸುಗಳಿಂದ ತೆಗೆದ ಸತ್ವವನ್ನು ಇಲಿಗಳಿಗೆ ಚುಚ್ಚಿ ಪರೀಕ್ಷಿಸತೊಡಗಿದರು. ಇಲಿಗಳ ಒಳಾಂಗಗಳಲ್ಲಿ ಮೂರು ಬದಲಾವಣೆಗಳು ಕಂಡವು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು. ಎದೆಯೊಳಗಿನ ಥೈಮಸ್ ಗ್ರಂಥಿಯೂ ದುಗ್ಧಗ್ರಂಥಿಗಳೂ ಕುಗ್ಗಿಹೋಗಿದ್ದವು. ಜಠರ ಮತ್ತು ಸಣ್ಣಕರುಳಿನ ಮೇಲ್ಭಾಗದಲ್ಲಿ ಹುಣ್ಣುಗಳೆದ್ದಿದ್ದವು. ಹೊಸ ಹಾರ್ಮೋನೊಂದು ತಮ್ಮ ಕೈಸೇರಿತೆಂದು ತರುಣ ವಿಜ್ಞಾನಿ ಹಿಗ್ಗಿದರು. ಆದರೆ ಸತ್ವವನ್ನು ಶುದ್ಧಗೊಳಿಸಿದಷ್ಟೂ ಅದರ ಪರಿಣಾಮ ಕಡಿಮೆಯಾಗುತ್ತಿತ್ತು. ಕಶ್ಮಲ ಹೆಚ್ಚಿದಷ್ಟೂ ಪರಿಣಾಮವೂ ಹೆಚ್ಚುತ್ತಿತ್ತು. ಸಂದೇಹಗೊಂಡು ಕೇವಲ ಫಾರ್ಮಲಿನ್ ದ್ರಾವಣವನ್ನು ಚುಚ್ಚಿ ನೋಡಿದಾಗ ಅವೇ ಮೂರು ಬದಲಾವಣೆಗಳು ಇನ್ನಷ್ಟು ತೀವ್ರವಾಗಿ ಕಾಣಿಸಿಕೊಂಡವು. ಹೊಸ ಹಾರ್ಮೋನಿನ ಕನಸು ಅಲ್ಲಿಗೆ ಒಡೆದುಹೋಯಿತು.

ಕೆಲವು ಕಾಲ ಅವರು ತೀವ್ರ ನಿರಾಶೆಯಲ್ಲಿ ಮುಳುಗಿದರು. ಆಗ ಪ್ರಾಗ್ ನಗರದ ತರಗತಿಯ ನೆನಪು ಅವರಲ್ಲಿ ಮರುಕಳಿಸಿತು. ಅನೇಕ ರೋಗಿಗಳ ಮುಖದಲ್ಲಿ ಕಂಡ ಆ ಒಂದೇ ಬಾಡಿದ ರೂಪಕ್ಕೆ ಇಲಿಗಳ ದೇಹದೊಳಗಿನ ಈ ಮೂರು ಗುರುತುಗಳೇ ಸಾಕ್ಷಿಯಾಗಿರಬಾರದೇಕೆ? ಇಲಿಗಳನ್ನು ಚಳಿಗೆ ಒಡ್ಡಿದರು, ಅತಿಯಾಗಿ ಓಡಿಸಿ ದಣಿಸಿದರು, ಗಾಯಗೊಳಿಸಿದರು, ನಾನಾ ಔಷಧಗಳನ್ನು ಕೊಟ್ಟರು. ಕಾರಣ ಬೇರೆಯಾದರೂ ಫಲ ಒಂದೇ ಆಗಿತ್ತು. ಇಂಥ ಕಶ್ಮಲದ ಬೆನ್ನು ಹತ್ತಿ ಭವಿಷ್ಯವನ್ನು ಹಾಳುಮಾಡಿಕೊಳ್ಳಬಾರದೆಂದು ಹಿರಿಯರು ಹಿತವಾದ ಹೇಳಿದರೂ ಸೆಲ್ಯೆ ಹಿಂಜರಿಯಲಿಲ್ಲ. ಇನ್ಸುಲಿನ್ ಖ್ಯಾತಿಯ ಫ್ರೆಡರಿಕ್ ಬ್ಯಾಂಟಿಂಗ್ ಅವರು ತೋರಿದ ಪ್ರೋತ್ಸಾಹ ಆ ದಿನಗಳಲ್ಲಿ ಅವರಿಗೆ ಊರುಗೋಲಾಯಿತು.

1936ನೆಯ ಇಸವಿ ಜುಲೈ 4ರಂದು ನೇಚರ್ ಪತ್ರಿಕೆಯಲ್ಲಿ ಅವರ ಪುಟ್ಟ ಲೇಖನವೊಂದು ಪ್ರಕಟವಾಯಿತು. ಒಂದು ಪುಟವನ್ನೂ ಮೀರದ ಆ ಬರಹ ಹೊಸ ಶಾಸ್ತ್ರವೊಂದರ ನಾಂದಿಯಾಯಿತು. ದೇಹಕ್ಕೆ ಆಪತ್ತು ಒದಗಿದಾಗ ಮೊದಲ 6ರಿಂದ 48 ಗಂಟೆಗಳಲ್ಲಿ ಎಚ್ಚರಿಕೆಯ ಹಂತ. ಅನಂತರ ಆಪತ್ತಿಗೆ ಒಗ್ಗಿಕೊಂಡು ನಿಲ್ಲುವ ಪ್ರತಿರೋಧದ ಹಂತ. ಆಪತ್ತು ಮುಂದುವರಿದರೆ ಒಂದರಿಂದ ಮೂರು ತಿಂಗಳುಗಳಲ್ಲಿ ಶಕ್ತಿಯೆಲ್ಲ ಸೋರಿಹೋಗುವ ಬಳಲಿಕೆಯ ಹಂತ. ಹೀಗೆ ಮೂರು ಹಂತಗಳನ್ನು ಅವರು ಗುರುತಿಸಿದರು. ಆ ಲೇಖನದ ಶೀರ್ಷಿಕೆಯಲ್ಲಿ ಒತ್ತಡವೆಂಬ ಪದವಿರಲಿಲ್ಲ. ಭೌತಶಾಸ್ತ್ರದಲ್ಲಿ ಬಳಕೆಯಲ್ಲಿದ್ದ ಸ್ಟ್ರೆಸ್ ಎಂಬ ಪದವನ್ನು ಅವರು ಮುಂದೆ ತಮ್ಮ ಶಾಸ್ತ್ರಕ್ಕೆ ತಂದುಕೊಂಡರು.

ಈ ಪ್ರತಿಕ್ರಿಯೆಯ ಹಾದಿಯನ್ನೂ ಅವರು ಹುಡುಕಿದರು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಅಡ್ರಿನಲ್ ಊದಿಕೊಳ್ಳಲಿಲ್ಲ. ಅಡ್ರಿನಲ್ ತೆಗೆದುಹಾಕಿದ ಇಲಿಗಳಲ್ಲಿ ಥೈಮಸ್ ಕುಗ್ಗಲಿಲ್ಲ. ಅಂದಮೇಲೆ ಆಜ್ಞೆಯು ಪಿಟ್ಯುಟರಿಯಿಂದ ಅಡ್ರಿನಲ್‌ಗೂ, ಅಲ್ಲಿಂದ ಹಾರ್ಮೋನಿನ ರೂಪದಲ್ಲಿ ದೇಹದ ಉಳಿದ ಭಾಗಗಳಿಗೂ ಇಳಿಯುತ್ತದೆಂಬುದು ಖಚಿತವಾಯಿತು. ಅಡ್ರಿನಲ್ ತೊಗಟೆಯ ಹಾರ್ಮೋನುಗಳಿಗೆ ಇಂದಿಗೂ ವೈದ್ಯರು ಬಳಸುವ ಗ್ಲೂಕೊಕಾರ್ಟಿಕಾಯ್ಡ್, ಮಿನರಲೊಕಾರ್ಟಿಕಾಯ್ಡ್ ಎಂಬ ಹೆಸರುಗಳು ಸೆಲ್ಯೆಯವರು ಕೊಟ್ಟವು. ಮನುಷ್ಯನಲ್ಲಿ ಮೊದಲ ವರ್ಗದ ಪ್ರಮುಖ ಹಾರ್ಮೋನು ಕಾರ್ಟಿಸಾಲ್.

ಹಾರ್ಮೋನಿಗೂ ನಿದ್ರೆಗೂ ನಂಟು

ಸೆಲ್ಯೆಯವರ ಹೆಸರನ್ನು ಒತ್ತಡದೊಡನೆ ಮಾತ್ರ ನೆನೆಯುವ ಜನರು ಅವರ ಇನ್ನೊಂದು ಶೋಧನೆಯನ್ನು ಮರೆತಿದ್ದಾರೆ. 1941ರಲ್ಲಿ ಅವರು ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ಇಲಿಗಳ ಹೊಟ್ಟೆಯ ಪೊಳ್ಳಿಗೆ ಚುಚ್ಚಿದಾಗ, ಅವು ಸ್ವಲ್ಪ ಹೊತ್ತಿನಲ್ಲಿಯೇ ಅರಿವಳಿಕೆ ಕೊಟ್ಟಂತೆ ಗಾಢನಿದ್ರೆಗೆ ಜಾರಿದವು. ಪರಿಣಾಮ ತೀರಿದಮೇಲೆ ಮತ್ತೆ ಎಚ್ಚತ್ತವು. ಅಡ್ರಿನಲ್ ತೊಗಟೆಯ ಡಿಆಕ್ಸಿಕಾರ್ಟಿಕೊಸ್ಟೆರಾನ್ ಎಂಬ ಹಾರ್ಮೋನಿನಲ್ಲಿಯೂ ಇದೇ ಗುಣವನ್ನು ಅವರು ಕಂಡರು. ಗ್ರಂಥಿಗಳಿಂದ ಹೊರಡುವ ಸ್ಟೆರಾಯ್ಡ್ ವರ್ಗದ ಹಾರ್ಮೋನುಗಳು ಮಿದುಳನ್ನು ಮುಟ್ಟಿ ಎಚ್ಚರ-ನಿದ್ರೆಗಳನ್ನು ಬದಲಿಸಬಲ್ಲವೆಂಬುದಕ್ಕೆ ಇದು ಸ್ಪಷ್ಟವಾದ ಪುರಾವೆಯಾಯಿತು. ಈ ಜಾಡನ್ನು ಹಿಡಿದು 1955ರ ಹೊತ್ತಿಗೆ ಹೈಡ್ರಾಕ್ಸಿಡಯೋನ್ ಎಂಬ ಸ್ಟೆರಾಯ್ಡ್ ಅರಿವಳಿಕೆ ಬಳಕೆಗೆ ಬಂತು. ಪ್ರೊಜೆಸ್ಟೆರಾನಿನಿಂದ ದೇಹದಲ್ಲಿಯೇ ಹುಟ್ಟುವ ಇಂಥ ಒಂದು ವಸ್ತುವನ್ನು ಬಾಣಂತಿಯರ ಖಿನ್ನತೆಗೆ ಔಷಧವಾಗಿ ಬಳಸಲು 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

1945ರಲ್ಲಿ ಸೆಲ್ಯೆಯವರು ಮೆಕ್‌ಗಿಲ್ ಬಿಟ್ಟು, ಫ್ರೆಂಚ್ ಭಾಷೆಯಲ್ಲಿ ಬೋಧಿಸುವ ಮಾಂಟ್ರಿಯಲ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಅಲ್ಲಿನ ಪ್ರಾಯೋಗಿಕ ವೈದ್ಯಶಾಸ್ತ್ರ ಮತ್ತು ಶಸ್ತ್ರವೈದ್ಯ ಸಂಸ್ಥೆಯ ನಿರ್ದೇಶಕರಾದರು. ಮೂರು ದಶಕಗಳ ಕಾಲ ಅದೇ ಅವರ ಕರ್ಮಭೂಮಿ. ಬೆಳಗಿನ ಜಾವದಲ್ಲಿಯೇ ಎದ್ದು ಪ್ರಯೋಗಶಾಲೆಗೆ ಬರುವ, ರಜಾದಿನಗಳಲ್ಲಿಯೂ ಕೆಲಸ ಬಿಡದ ಶ್ರಮಜೀವಿ ಅವರು. 1950ರಲ್ಲಿ ಒತ್ತಡವನ್ನು ಕುರಿತ ಬೃಹದ್ಗ್ರಂಥವನ್ನೂ, 1956ರಲ್ಲಿ ಜನಸಾಮಾನ್ಯರಿಗಾಗಿ ದಿ ಸ್ಟ್ರೆಸ್ ಆಫ್ ಲೈಫ್ ಎಂಬ ಗ್ರಂಥವನ್ನೂ ಹೊರತಂದರು. ಈ ಎರಡನೆಯ ಗ್ರಂಥದಲ್ಲಿ ಅವರು ನಿದ್ರೆಯ ಪ್ರಶ್ನೆಯನ್ನೂ ಎತ್ತಿಕೊಂಡಿದ್ದಾರೆ. ಹಗಲಿನ ಒತ್ತಡ ಒಬ್ಬನಿಗೆ ಸೊಗಸಾದ ನಿದ್ರೆಯನ್ನು ತಂದರೆ ಇನ್ನೊಬ್ಬನಿಗೆ ರಾತ್ರಿಯಿಡೀ ಜಾಗರಣೆಯನ್ನು ತರಬಹುದೆಂಬುದನ್ನು ಗುರುತಿಸಿ, ದಿನದ ಕೆಲಸವನ್ನು ಒಂದು ಮುಕ್ತಾಯಕ್ಕೆ ತಂದು ಮನಸ್ಸನ್ನು ಇಳಿಸಿಕೊಳ್ಳುವ ಅಗತ್ಯವನ್ನು ಅವರು ಒತ್ತಿ ಹೇಳಿದ್ದಾರೆ.

ಆದರೆ ರಾತ್ರಿಯ ಯಾವ ಜಾವದಲ್ಲಿ ಯಾವ ಹಾರ್ಮೋನು ಎಷ್ಟು ಸ್ರವಿಸುತ್ತದೆಂಬ ಲೆಕ್ಕ ಅವರ ಮೊದಲ ಪ್ರಯೋಗಗಳಿಗೆ ಎಟುಕುವಂಥದಾಗಿರಲಿಲ್ಲ. ಅಂದಿನ ಸಾಧನ ತಕ್ಕಡಿ ಮತ್ತು ಸೂಕ್ಷ್ಮದರ್ಶಕ. ಊದಿದ ಗ್ರಂಥಿಯ ತೂಕವು ಅನೇಕ ದಿನಗಳ ಒಟ್ಟು ಮೊತ್ತವನ್ನು ಹೇಳುತ್ತದೆ. ಗಳಿಗೆ ಗಳಿಗೆಯ ಕತೆಯನ್ನು ಹೇಳಲಾರದು. ಆ ಲೆಕ್ಕವನ್ನು ಬರೆಯುವ ಕೆಲಸ ಮುಂದಿನವರಿಗೆ ಉಳಿಯಿತು.

ಗುರುವಿನಿಂದ ಶಿಷ್ಯನಿಗೆ

1948ರಲ್ಲಿ ಪ್ಯಾರಿಸ್ ನಗರದಲ್ಲಿ ಸೆಲ್ಯೆಯವರು ನೀಡಿದ ಉಪನ್ಯಾಸಗಳನ್ನು ಕೇಳಿ ಮಾರುಹೋದ ರೋಜೆ ಗಿಲ್ಮಾ ಎಂಬ ಫ್ರೆಂಚ್ ತರುಣ ವೈದ್ಯರು ಮಾಂಟ್ರಿಯಲ್‌ಗೆ ಬಂದು ಅವರ ಶಿಷ್ಯತ್ವ ವಹಿಸಿದರು. 1953ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ತೆರಳಿದ ಗಿಲ್ಮಾ ಅವರು ಗುರುಗಳು ಬಿಟ್ಟ ಪ್ರಶ್ನೆಯನ್ನು ಎತ್ತಿಕೊಂಡರು. ಪಿಟ್ಯುಟರಿಯು ಅಡ್ರಿನಲ್‌ಗೆ ಆಜ್ಞೆ ಕೊಡುತ್ತದೆ, ಸರಿ. ಪಿಟ್ಯುಟರಿಗೆ ಆಜ್ಞೆ ಕೊಡುವವರು ಯಾರು? ಅದಕ್ಕೂ ಮೇಲಿರುವ ಹೈಪೊಥಲಮಸ್ ಎಂಬ ಮಿದುಳಿನ ಭಾಗವೇ ಹಾರ್ಮೋನುಗಳನ್ನು ಉತ್ಪಾದಿಸಿ ಪಿಟ್ಯುಟರಿಯನ್ನು ನಡೆಸುತ್ತದೆಂಬುದನ್ನು ಅವರೂ ಆಂಡ್ರ್ಯೂ ಶ್ಯಾಲಿ ಅವರೂ ಬೇರೆ ಬೇರೆಯಾಗಿ ಸಾಧಿಸಿ ತೋರಿಸಿ, 1977ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅದೇ ವರ್ಷ ಅವರೊಡನೆ ಪಾರಿತೋಷಕ ಪಡೆದ ಮೂರನೆಯವರು ರೊಸಾಲಿನ್ ಯಾಲೊ. ರಕ್ತದ ಕೆಲವು ಹನಿಗಳಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ವಿಕಿರಣದ ನೆರವಿನಿಂದ ಅಳೆಯುವ ವಿಧಾನವನ್ನು ಸಾಲೊಮನ್ ಬರ್ಸನ್ ಅವರೊಡನೆ ಕೂಡಿ ರೂಪಿಸಿದವರು ಅವರು. ಮಲಗಿರುವ ಮನುಷ್ಯನ ರಕ್ತನಾಳದಲ್ಲಿ ತೆಳುವಾದ ಕೊಳವೆಯನ್ನಿರಿಸಿ, ರಾತ್ರಿಯಿಡೀ ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ರಕ್ತ ತೆಗೆದು ಹಾರ್ಮೋನುಗಳ ಏರಿಳಿತವನ್ನು ಬರೆಯುವುದು ಇಂಥ ವಿಧಾನಗಳಿಂದ ಸಾಧ್ಯವಾಯಿತು.

ಗಿಲ್ಮಾ ಅವರ ಶಿಷ್ಯರಾದ ವೈಲಿ ವೇಲ್ ಅವರು 1981ರಲ್ಲಿ ಒತ್ತಡದ ಸರಪಣಿಯ ಮೊದಲ ಕೊಂಡಿಯನ್ನು ಕಂಡುಹಿಡಿದರು. ಕುರಿಗಳ ಹೈಪೊಥಲಮಸ್‌ಗಳಿಂದ ಬೇರ್ಪಡಿಸಿದ, 41 ಅಮೈನೋ ಆಮ್ಲಗಳ ಆ ಹಾರ್ಮೋನನ್ನು ಸಿ.ಆರ್.ಎಚ್. ಎಂದು ಕರೆಯುತ್ತಾರೆ. ಮರುವರ್ಷ, 1982ರಲ್ಲಿ, ಗಿಲ್ಮಾ ಅವರ ತಂಡವು ಬೆಳವಣಿಗೆಯ ಹಾರ್ಮೋನನ್ನು ಪಿಟ್ಯುಟರಿಯಿಂದ ಹೊರಡಿಸುವ ಇನ್ನೊಂದು ಹಾರ್ಮೋನನ್ನು ಬೆಳಕಿಗೆ ತಂದಿತು. ಈ ಎರಡೂ ನಿದ್ರೆಯ ತಕ್ಕಡಿಯ ಎರಡು ತಟ್ಟೆಗಳಂತೆ ವರ್ತಿಸುತ್ತವೆಂಬುದು ಅನಂತರದ ಪ್ರಯೋಗಗಳಿಂದ ತಿಳಿದುಬಂತು. ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ವಸ್ತುವನ್ನು ತರುಣರಿಗೆ ರಾತ್ರಿ ಕೊಟ್ಟಾಗ ಗಾಢನಿದ್ರೆ ಹೆಚ್ಚಿತು, ಸಿ.ಆರ್.ಎಚ್. ಕೊಟ್ಟಾಗ ಗಾಢನಿದ್ರೆ ಕುಗ್ಗಿತು. ಗುರು ಅಡ್ರಿನಲ್ ಗ್ರಂಥಿಯಲ್ಲಿ ಆರಂಭಿಸಿದ ಯಾತ್ರೆ ಶಿಷ್ಯ ಪ್ರಶಿಷ್ಯರ ಕೈಯಲ್ಲಿ ಮಿದುಳನ್ನು ಮುಟ್ಟಿತು.

ರಾತ್ರಿಯ ನಾಲ್ಕು ಜಾವಗಳ ಲೆಕ್ಕ

ಆರೋಗ್ಯವಂತನಾದ ಮನುಷ್ಯನ ದೇಹದಲ್ಲಿ ರಾತ್ರಿಯ ಕಾಲ ವ್ಯರ್ಥವಾಗಿ ಕಳೆಯುವುದಿಲ್ಲ. ಸಂಜೆಯಾಗುತ್ತ ಕಾರ್ಟಿಸಾಲ್ ಪ್ರಮಾಣ ಇಳಿಯುತ್ತದೆ. ಮಧ್ಯರಾತ್ರಿಯ ಸುಮಾರಿಗೆ ಅತ್ಯಂತ ಕೆಳಗಿನ ಮಟ್ಟ ಮುಟ್ಟುತ್ತದೆ. ಈ ಇಳಿವಿನ ಹೊತ್ತಿನಲ್ಲಿಯೇ ಮೊದಲ ಗಾಢನಿದ್ರೆ ಬರುತ್ತದೆ. ಆ ಗಾಢನಿದ್ರೆಯೊಡನೆ ಪಿಟ್ಯುಟರಿಯಿಂದ ಬೆಳವಣಿಗೆಯ ಹಾರ್ಮೋನು ಒಮ್ಮೆಲೆ ಚಿಮ್ಮಿ ಹರಿಯುತ್ತದೆಂಬುದನ್ನು ತಕಾಹಾಶಿ ಮತ್ತು ಅವರ ಸಂಗಡಿಗರು 1968ರಲ್ಲಿ ತೋರಿಸಿದರು. ತರುಣರಲ್ಲಿ ದಿನದ ಬೆಳವಣಿಗೆಯ ಹಾರ್ಮೋನಿನ ಬಹುಪಾಲು ಹೊರಬರುವುದು ನಿದ್ರೆಯ ಈ ಆರಂಭದ ಅವಧಿಯಲ್ಲಿ. ಎಲುಬು, ಮಾಂಸಖಂಡಗಳ ಬೆಳವಣಿಗೆಗೂ ಸವೆದ ಅಂಗಾಂಶಗಳ ದುರಸ್ತಿಗೂ ಇದು ಬೇಕು. ರಾತ್ರಿಯ ಉತ್ತರಾರ್ಧದಲ್ಲಿ ಕಾರ್ಟಿಸಾಲ್ ಮೆಟ್ಟಿಲು ಮೆಟ್ಟಿಲಾಗಿ ಏರತೊಡಗಿ, ಏಳುವ ವೇಳೆಗೆ ಉಚ್ಚಮಟ್ಟ ಮುಟ್ಟುತ್ತದೆ. ಎಚ್ಚರವಾದ ಮುಕ್ಕಾಲು ಗಂಟೆಯೊಳಗೆ ಇನ್ನೂ ಒಮ್ಮೆ ಮೇಲೇರಿ ದೇಹವನ್ನು ಹಗಲಿನ ಕೆಲಸಕ್ಕೆ ಸಜ್ಜುಗೊಳಿಸುತ್ತದೆ. ಕಾರ್ಟಿಸಾಲ್ ಶತ್ರುವಲ್ಲವೆಂಬುದನ್ನು ಇಲ್ಲಿ ಮನಗಾಣಬೇಕು. ಬೆಳಗಿನಲ್ಲಿ ಅದು ಸೇವಕ. ಹೊತ್ತಲ್ಲದ ಹೊತ್ತಿನಲ್ಲಿ ಬಂದಾಗ ಮಾತ್ರ ಉಪದ್ರವಕಾರಿ. ರಾತ್ರಿಯಲ್ಲಿ ಸಂಚರಿಸುವ ಇಲಿಗಳಲ್ಲಿ ಇದೇ ಬಗೆಯ ಹಾರ್ಮೋನು ಸಂಜೆಗೆ ಏರುತ್ತದೆಂಬುದು ಈ ಮಾತಿಗೆ ಪೋಷಕವಾಗಿದೆ.

ಈ ಹಾರ್ಮೋನುಗಳಲ್ಲಿ ಕೆಲವು ನಿದ್ರೆಗೆ ಅಂಟಿಕೊಂಡವು, ಕೆಲವು ಗಡಿಯಾರಕ್ಕೆ ಅಂಟಿಕೊಂಡವು. ಬೆಳವಣಿಗೆಯ ಹಾರ್ಮೋನು ನಿದ್ರೆ ಎಲ್ಲಿಗೆ ಸರಿದರೆ ತಾನೂ ಅಲ್ಲಿಗೆ ಸರಿಯುತ್ತದೆ. ಕಾರ್ಟಿಸಾಲ್ ಮಾತ್ರ ಮಿದುಳಿನೊಳಗಿನ ಗಡಿಯಾರದ ಆಜ್ಞೆಗೆ ಹೆಚ್ಚಾಗಿ ಬದ್ಧ. ಮಧ್ಯರಾತ್ರಿ ಎಚ್ಚರವಿದ್ದು ಹಗಲು ಮಲಗುವವನ ದೇಹದಲ್ಲಿ ಈ ಎರಡರ ಹೊಂದಿಕೆ ತಪ್ಪುತ್ತದೆ. ಅವನು ಮಲಗುವ ಹೊತ್ತಿಗೆ ಕಾರ್ಟಿಸಾಲ್ ಏರಿಕೆಯಲ್ಲಿರುತ್ತದೆ, ನಿದ್ರೆ ತುಂಡುತುಂಡಾಗುತ್ತದೆ.

ಇನ್ನು ಚಿಂತೆಯ ಮಾತು. ಭಯ ಅಥವಾ ಕಳವಳ ಮನಸ್ಸನ್ನು ಹಿಡಿದಾಗ ಹೈಪೊಥಲಮಸ್‌ನಿಂದ ಸಿ.ಆರ್.ಎಚ್. ಹೊರಡುತ್ತದೆ, ಪಿಟ್ಯುಟರಿ ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕಳಿಸುತ್ತದೆ. ಅಡ್ರಿನಲ್ ಕಾರ್ಟಿಸಾಲನ್ನು ಸುರಿಸುತ್ತದೆ. ಜೊತೆಗೆ ನರಗಳ ಮೂಲಕ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳೂ ಹೊರಟು ಎದೆಯ ಬಡಿತವನ್ನು ಹೆಚ್ಚಿಸುತ್ತವೆ. ಎಚ್ಚರವನ್ನು ಕಾಯುವುದು ಕಾರ್ಟಿಸಾಲ್ ಒಂದೇ ಅಲ್ಲ, ಸಿ.ಆರ್.ಎಚ್. ಮತ್ತು ನಾರ್‌ಅಡ್ರಿನಲಿನ್‌ಗಳು ಮಿದುಳಿನಲ್ಲಿಯೇ ಕಾವಲುಗಾರರಂತೆ ನಿಂತು ನಿದ್ರೆಯನ್ನು ಬಾಗಿಲಲ್ಲಿ ತಡೆಯುತ್ತವೆ. ದೀರ್ಘಕಾಲದ ನಿದ್ರಾಹೀನತೆಯಿಂದ ನರಳುವವರ ರಕ್ತದಲ್ಲಿ ಸಂಜೆ ಮತ್ತು ರಾತ್ರಿಯ ಪೂರ್ವಾರ್ಧದಲ್ಲಿ ಎ.ಸಿ.ಟಿ.ಎಚ್., ಕಾರ್ಟಿಸಾಲ್ ಎರಡೂ ಅಧಿಕವಾಗಿರುವುದನ್ನು 2001ರಲ್ಲಿ ವ್ಗೊಂಟ್ಜಾಸ್ ಮತ್ತು ಸಂಗಡಿಗರು ಕಂಡರು. ರೈತನ ದಣಿವಿಗೂ ಚಿಂತಾಗ್ರಸ್ತನ ದಣಿವಿಗೂ ಇರುವ ಭೇದ ಇದೇ. ಮೊದಲನೆಯವನ ದೇಹದಲ್ಲಿ ಎಚ್ಚರಿಕೆಯ ಗಂಟೆ ಸಂಜೆಯೊಡನೆ ನಿಲ್ಲುತ್ತದೆ. ಎರಡನೆಯವನ ದೇಹದಲ್ಲಿ ಅದು ನಿಲ್ಲುವುದಿಲ್ಲ.

ಇದು ಒಂದೇ ದಿಕ್ಕಿನ ವ್ಯವಹಾರವೂ ಅಲ್ಲ. ಒತ್ತಡ ನಿದ್ರೆಯನ್ನು ಕೆಡಿಸುವಂತೆ, ಕೆಟ್ಟ ನಿದ್ರೆ ಒತ್ತಡದ ಹಾರ್ಮೋನನ್ನು ಹೆಚ್ಚಿಸುತ್ತದೆ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತರುಣರನ್ನು ಒಂದು ರಾತ್ರಿ ಅರೆನಿದ್ರೆಯಲ್ಲಿ ಇಲ್ಲವೆ ಪೂರ್ಣ ಜಾಗರಣೆಯಲ್ಲಿ ಇರಿಸಿದಾಗ, ಮರುದಿನ ಸಂಜೆಯ ಕಾರ್ಟಿಸಾಲ್ ಅನುಕ್ರಮವಾಗಿ ಶೇಕಡಾ 37 ಮತ್ತು 45ರಷ್ಟು ಹೆಚ್ಚಿತ್ತು. ಅದರ ರಾತ್ರಿಯ ಇಳಿಮಟ್ಟವೂ ಒಂದು ಗಂಟೆಗೂ ಮೀರಿ ತಡವಾಗಿ ಬಂತು. 1999ರಲ್ಲಿ ಶಿಕಾಗೋದ ಈವ್ ವ್ಯಾನ್ ಕೌಟರ್ ಮತ್ತು ಸಂಗಡಿಗರು 11 ಮಂದಿ ಆರೋಗ್ಯವಂತ ತರುಣರಿಗೆ ಆರು ರಾತ್ರಿಗಳ ಕಾಲ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅಷ್ಟರಲ್ಲಿಯೇ ಅವರ ದೇಹವು ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಗಮನಾರ್ಹವಾಗಿ ಕುಗ್ಗಿತು. ಸಂಜೆಯ ಕಾರ್ಟಿಸಾಲ್ ಏರಿತು. 2011ರಲ್ಲಿ ಅದೇ ಬಳಗವು 10 ಮಂದಿ ತರುಣರಿಗೆ ಎಂಟು ರಾತ್ರಿ ಐದು ಗಂಟೆಯ ನಿದ್ರೆಯನ್ನಷ್ಟೇ ಕೊಟ್ಟಾಗ, ಹಗಲಿನ ಪುರುಷ ಹಾರ್ಮೋನು ಶೇಕಡಾ 10ರಿಂದ 15ರಷ್ಟು ಇಳಿಯಿತು. ಇವರಾರೂ ರೋಗಿಗಳಲ್ಲ, ವೃದ್ಧರಲ್ಲ. ಪ್ರಾಯದ ಸದೃಢ ದೇಹವೇ ಒಂದು ವಾರದಲ್ಲಿ ಇಷ್ಟು ಬೆಲೆ ತೆತ್ತಿತು. ಒಂದು ರಾತ್ರಿಯ ಜಾಗರಣೆಯಿಂದ ಬೆಳವಣಿಗೆಯೇ ನಿಂತುಹೋಗುತ್ತದೆಂದು ಅಂಜಬೇಕಾಗಿಲ್ಲ. ದೇಹ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳಬಲ್ಲುದು. ಜಾಗರಣೆಯೇ ರೂಢಿಯಾದಾಗ ತುಂಬಿಕೊಳ್ಳುವ ಅವಕಾಶವೇ ಇಲ್ಲವಾಗುತ್ತದೆ. ಸೆಲ್ಯೆಯವರು ಇಲಿಗಳಲ್ಲಿ ಕಂಡ ಪ್ರತಿರೋಧ ಮತ್ತು ಬಳಲಿಕೆಯ ಹಂತಗಳ ನೆನಪು ಇಲ್ಲಿ ಬಾರದಿರದು.

ವೈದ್ಯರಿಗೆ ಇದರ ಉಪಯೋಗ ನಿತ್ಯದಲ್ಲಿಯೂ ಉಂಟು. ಕೀಲುವಾತ, ಉಬ್ಬಸ ಮೊದಲಾದ ರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯು ಕಾರ್ಟಿಸಾಲ್ ವರ್ಗಕ್ಕೇ ಸೇರಿದ್ದು. ಅದನ್ನು ಸಾಮಾನ್ಯವಾಗಿ ಬೆಳಗಿನ ಉಪಾಹಾರದೊಡನೆ ಸೇವಿಸಲು ಹೇಳುವುದಕ್ಕೆ ದೇಹದ ಸ್ವಾಭಾವಿಕ ಏರಿಳಿತವನ್ನು ಅನುಸರಿಸುವುದೂ ರಾತ್ರಿಯ ನಿದ್ರೆಯನ್ನು ಕಾಪಾಡುವುದೂ ಕಾರಣ.

ಟೀಕೆ ಮತ್ತು ಕೊನೆಯ ವರ್ಷಗಳು

ಸೆಲ್ಯೆಯವರ ಮಾತೆಲ್ಲವೂ ಕಾಲದ ಪರೀಕ್ಷೆಯಲ್ಲಿ ನಿಂತಿತೆಂದು ಹೇಳಲಾಗದು. ಯಾವ ಆಪತ್ತೇ ಆಗಲಿ ದೇಹದ ಪ್ರತಿಕ್ರಿಯೆ ಒಂದೇ ಎಂಬ ಅವರ ವಾದವನ್ನು ಜಾನ್ ಮೇಸನ್ ಅವರು ಪ್ರಶ್ನಿಸಿದರು. ನೆರೆಯ ಮಂಗಗಳು ತಿನ್ನುತ್ತಿರುವಾಗ ತಾವು ಮಾತ್ರ ಉಪವಾಸವಿರಬೇಕಾದ ಮಂಗಗಳಲ್ಲಿ ಒತ್ತಡದ ಹಾರ್ಮೋನು ಏರಿತು. ಪೋಷಣೆಯಿಲ್ಲದ ನಾರಿನ ಗುಳಿಗೆಗಳನ್ನು ಕೊಟ್ಟು ಕಳವಳವನ್ನು ತಪ್ಪಿಸಿದಾಗ, ಉಪವಾಸ ಅಷ್ಟೇ ಇದ್ದರೂ ಅದು ಏರಲಿಲ್ಲ. ದೇಹದ ಕಷ್ಟಕ್ಕಿಂತ ಮನಸ್ಸಿನ ಕ್ಲೇಶವೇ ಬಲವಾದ ಪ್ರಚೋದನೆಯೆಂಬುದನ್ನು ಇದು ಸೂಚಿಸಿತು. ಮನುಷ್ಯರ ಜಠರದ ಹುಣ್ಣಿಗೆ ಬಹುಪಾಲು ಒಂದು ಬ್ಯಾಕ್ಟೀರಿಯಾ ಕಾರಣವೆಂಬುದೂ ಮುಂದೆ ತಿಳಿಯಿತು. ತಂಬಾಕು ಕಂಪನಿಗಳಿಂದ ಸೆಲ್ಯೆಯವರು ಸಂಶೋಧನೆಗೆ ಹಣ ಪಡೆದಿದ್ದ ಸಂಗತಿ ಅವರ ಮರಣಾನಂತರ ಬಹಿರಂಗವಾದ ಆ ಕಂಪನಿಗಳ ಕಾಗದಪತ್ರಗಳಿಂದ ವಿಶದವಾಯಿತು. ದೊಡ್ಡವರ ಚರಿತ್ರೆ ಬರೆಯುವಾಗ ಇಂಥ ಸಂಗತಿಯನ್ನು ಮರೆಮಾಚುವುದು ಸಲ್ಲದು.

ಜೀವನದ ಕಷ್ಟಗಳು ಅವರನ್ನೂ ಬಿಡಲಿಲ್ಲ. 1956ರಲ್ಲಿ ಹಂಗೇರಿಯ ಜನತೆ ದಂಗೆಯೆದ್ದಾಗ ಬುಡಾಪೆಸ್ಟ್ ನಗರದಲ್ಲಿದ್ದ ಅವರ ತಾಯಿ ಗುಂಡೇಟಿಗೆ ಬಲಿಯಾದರು. 1970ರ ದಶಕದ ಆರಂಭದಲ್ಲಿ ಸೆಲ್ಯೆಯವರು ತಾವೇ ಕ್ಯಾನ್ಸರ್ ರೋಗಕ್ಕೆ ತುತ್ತಾದರು. ಬದುಕುವ ಭರವಸೆ ಕ್ಷೀಣವಾಗಿದ್ದರೂ ಚೇತರಿಸಿಕೊಂಡರು, ಕೆಲಸ ಮುಂದುವರಿಸಿದರು. 1974ರಲ್ಲಿ ಪ್ರಕಟಿಸಿದ ಸ್ಟ್ರೆಸ್ ವಿದೌಟ್ ಡಿಸ್ಟ್ರೆಸ್ ಎಂಬ ಗ್ರಂಥದಲ್ಲಿ ಅವರು ಬಾಳಿನ ನೀತಿಯೊಂದನ್ನು ನಿರೂಪಿಸಿದರು. ಒತ್ತಡವಿಲ್ಲದ ಬದುಕು ಇಲ್ಲ. ಮನಸ್ಸಿಗೊಪ್ಪುವ ಕೆಲಸದಿಂದ ಬರುವ ಒತ್ತಡ ಹಿತಕರ, ದ್ವೇಷ ಮತ್ತು ಹತಾಶೆಗಳಿಂದ ಬರುವ ಒತ್ತಡ ಅಹಿತಕರ. ನೆರೆಯವರ ಪ್ರೀತಿಯನ್ನು ಸಂಪಾದಿಸುವಂತೆ ದುಡಿಯುವುದೇ ಸುಖದ ದಾರಿ ಎಂಬುದು ಅದರ ಸಾರ. ಕಾಯಕ ಮತ್ತು ದಾಸೋಹಗಳ ತತ್ತ್ವವನ್ನು ಕೇಳಿ ಬೆಳೆದ ನಮಗೆ ಈ ಮಾತು ಅಪರಿಚಿತವೆನಿಸದು.

1968ರಲ್ಲಿ ಕೆನಡಾ ಸರ್ಕಾರ ಅವರಿಗೆ ಆ ದೇಶದ ಉನ್ನತ ಗೌರವವಾದ ಆರ್ಡರ್ ಆಫ್ ಕೆನಡಾ ಪ್ರಶಸ್ತಿಯಲ್ಲಿ ಕಂಪ್ಯಾನಿಯನ್ ಪದವಿಯನ್ನಿತ್ತಿತು. ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಅವರ ಹೆಸರು ಸೂಚಿತವಾದರೂ ಅದು ದೊರೆಯಲಿಲ್ಲ. ಶಿಷ್ಯನಿಗೆ ದೊರೆತದ್ದನ್ನು ಕಣ್ಣಾರೆ ಕಂಡರು. 1982ನೆಯ ಇಸವಿ ಅಕ್ಟೋಬರ್ 16ರಂದು ಮಾಂಟ್ರಿಯಲ್ ನಗರದಲ್ಲಿ ತಮ್ಮ 75ನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಅವರು ಬಾಲ್ಯವನ್ನು ಕಳೆದ ಊರಿನ ಉತ್ತರ ದಂಡೆಯ ಭಾಗ ಇಂದು ಸ್ಲೊವಾಕಿಯಾದ ಕೊಮಾರ್ನೊ ಎನಿಸಿದೆ. ಅಲ್ಲಿ 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ವಿದ್ಯಾರ್ಥಿಗಳು ಗ್ರಹಿಸಬೇಕಾದದ್ದು

ನಮ್ಮ ವಸತಿನಿಲಯಗಳಲ್ಲಿ ಪರೀಕ್ಷೆಯ ದಿನಗಳು ಸಮೀಪಿಸಿದಂತೆ ದೀಪಗಳು ಮಧ್ಯರಾತ್ರಿ ಮೀರಿ ಉರಿಯುತ್ತವೆ. ನಿದ್ರೆಗೆಟ್ಟು ಓದುವುದೇ ಪರಿಶ್ರಮದ ಗುರುತೆಂಬ ಭಾವನೆ ಮಕ್ಕಳಲ್ಲಿಯೂ ಕೆಲವು ಪೋಷಕರಲ್ಲಿಯೂ ಬೇರೂರಿದೆ. ಮೇಲಿನ ಲೆಕ್ಕವನ್ನು ನೋಡಿದವರಿಗೆ ಇದರ ದೋಷ ತಾನಾಗಿ ತಿಳಿಯುತ್ತದೆ. ಇಂದಿನ ಜಾಗರಣೆ ನಾಳಿನ ಸಂಜೆಯ ಕಾರ್ಟಿಸಾಲನ್ನು ಏರಿಸುತ್ತದೆ; ನಾಳಿನ ಸಂಜೆಯ ಕಾರ್ಟಿಸಾಲ್ ನಾಳಿನ ರಾತ್ರಿಯ ನಿದ್ರೆಯನ್ನು ದೂರ ತಳ್ಳುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತೆ ಈ ಬಡ್ಡಿ ಬೆಳೆಯುತ್ತ ಹೋಗುತ್ತದೆ. ನಿಯತವಾದ ಹೊತ್ತಿಗೆ ಮಲಗುವುದು, ನಿಯತವಾದ ಹೊತ್ತಿಗೆ ಏಳುವುದು, ಹಗಲಿನಲ್ಲಿ ಮೈಬಗ್ಗಿಸಿ ದುಡಿಯುವುದು, ಸಂಜೆಯ ಪ್ರಾರ್ಥನೆಯ ನಂತರ ಮರುದಿನದ ಚಿಂತೆಯನ್ನು ಮರುದಿನಕ್ಕೆ ಬಿಡುವುದು, ಇವು ಹಿರಿಯರು ಹಾಕಿಕೊಟ್ಟ ಹಳೆಯ ನಿಯಮಗಳು. ಅವುಗಳಿಗೆ ದೇಹದ ಗ್ರಂಥಿಗಳೇ ಸಾಕ್ಷಿ ನುಡಿಯುತ್ತಿವೆ. ಕಾಯಕಕ್ಕೆ ಹಗಲು ಎಷ್ಟು ಅವಶ್ಯವೋ ಆ ಕಾಯಕವನ್ನು ಮಾಡುವ ಕಾಯಕ್ಕೆ ರಾತ್ರಿಯೂ ಅಷ್ಟೇ ಅವಶ್ಯ. ಬಾಡಿದ ಮುಖಗಳ ಹಿಂದಿನ ಒಂದೇ ಕಾರಣವನ್ನು ಹುಡುಕಿ ಹೊರಟ ಆ ಪ್ರಾಗ್ ನಗರದ ವಿದ್ಯಾರ್ಥಿಯ ಶ್ರಮ ನಮ್ಮ ಮಕ್ಕಳ ಪಾಲಿಗೆ ಸಾರ್ಥಕವಾಗಬೇಕಾದರೆ, ಅವರು ಓದಿನ ವೇಳಾಪಟ್ಟಿಯಲ್ಲಿ ನಿದ್ರೆಗೂ ಗೌರವದ ಸ್ಥಾನವನ್ನು ಕೊಡಬೇಕು.